ಉಪಕರಣ ಕೊಠಡಿಗೆ ಗೋಡೆ ಹವಾನಿಯಂತ್ರಕ: ಆಯ್ಕೆ, ಅಳವಡಿಕೆ ಮತ್ತು ನಿಯಂತ್ರಣ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯತಿ ಕಚೇರಿಯೆಂದರೆ ಕಡತ, ರಸೀದಿ ಪುಸ್ತಕ ಮತ್ತು ಬೀಗ ಹಾಕಿದ ಕಪಾಟು ಎಂಬ ಕಾಲ ಕಳೆದಿದೆ. ಭಾರತ್‌ನೆಟ್ ಯೋಜನೆಯ ಆಪ್ಟಿಕಲ್ ಫೈಬರ್ ಸಂಪರ್ಕದ ಪೆಟ್ಟಿಗೆ, ನೆಟ್‌ವರ್ಕ್ ಸ್ವಿಚ್, ಬಾಪೂಜಿ ಸೇವಾ ಕೇಂದ್ರದ ಗಣಕಯಂತ್ರಗಳಿಗೆ ಆಧಾರವಾದ ಯು.ಪಿ.ಎಸ್., ಅದರ ಬ್ಯಾಟರಿ ಸಾಲು, ಸಿ.ಸಿ.ಟಿ.ವಿ. ದೃಶ್ಯಗಳನ್ನು ಸಂಗ್ರಹಿಸುವ ಯಂತ್ರ ಇವೆಲ್ಲವೂ ಈಗ ಕಚೇರಿಯ ಒಂದು ಚಿಕ್ಕ ಕೋಣೆಯಲ್ಲಿ ಸೇರಿಕೊಂಡಿವೆ. ಅನೇಕ ಕಡೆ ಅದು ಮೊದಲು ಉಗ್ರಾಣವಾಗಿದ್ದ ಕೋಣೆ. ಕಿಟಕಿ ಇಲ್ಲ, ಇದ್ದರೂ ಕಳ್ಳರ ಭಯಕ್ಕೆ ಮುಚ್ಚಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಕೋಣೆಯ ಬಾಗಿಲು ತೆರೆದರೆ ಒಲೆಯ ಮುಂದೆ ನಿಂತ ಅನುಭವವಾಗುತ್ತದೆ. ಅಲ್ಲಿನ ಯಂತ್ರವೊಂದು ಬಿಸಿಯಿಂದ ನಿಂತರೆ ಹೊರಗಿನ ಕೌಂಟರಿನಲ್ಲಿ ನಮೂನೆ 9, ನಮೂನೆ 11ಕ್ಕಾಗಿ ಬಂದ ರೈತ ಮರಳಿ ಹೋಗಬೇಕಾಗುತ್ತದೆ. ಕರ ಪಾವತಿ ನಿಲ್ಲುತ್ತದೆ.

ಇಂತಹ ಸಂದರ್ಭದಲ್ಲಿ "ಒಂದೂವರೆ ಟನ್ ಎ.ಸಿ. ಖರೀದಿ: 1 ಸಂಖ್ಯೆ" ಎಂಬ ಒಂದೇ ಸಾಲಿನ ವಿಷಯ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬರುತ್ತದೆ. ಸದಸ್ಯರು ಅದನ್ನು ಅನುಮೋದಿಸುತ್ತಾರೆ, ಇಲ್ಲವೇ ಅಧಿಕಾರಿಗಳಿಗೆ ತಂಪು ಬೇಕಾಗಿದೆ ಎಂದು ಆಕ್ಷೇಪಿಸುತ್ತಾರೆ. ಎರಡೂ ನಿರ್ಧಾರಗಳು ಆತುರದವೇ. ಆ ಒಂದು ಸಾಲಿನ ಹಿಂದೆ ಇರುವ ವಿಷಯವನ್ನು ತಿಳಿದು ಪ್ರಶ್ನಿಸಲು ಅನುಕೂಲವಾಗಲೆಂದು ಈ ಪಾಠವನ್ನು ಸಿದ್ಧಪಡಿಸಲಾಗಿದೆ.

ಬಿಸಿ ಎಲ್ಲಿಂದ ಬರುತ್ತದೆ

ಯಂತ್ರವು ಬಳಸಿದ ವಿದ್ಯುತ್ತು ಅಂತಿಮವಾಗಿ ಶಾಖವಾಗಿಯೇ ಕೋಣೆಗೆ ಸೇರುತ್ತದೆ. 100 ವ್ಯಾಟ್ ಬಳಸುವ ಸ್ವಿಚ್ ಎಂದರೆ 100 ವ್ಯಾಟಿನ ಒಂದು ಒಲೆ ಎಂದೇ ತಿಳಿಯಬಹುದು. ಹಗಲು ರಾತ್ರಿ, ಭಾನುವಾರ, ಹಬ್ಬ ಎಂಬ ಭೇದವಿಲ್ಲದೆ ಅದು ಉರಿಯುತ್ತಿರುತ್ತದೆ. ಮನುಷ್ಯರಿರುವ ಕೋಣೆಗೂ ಯಂತ್ರಗಳಿರುವ ಕೋಣೆಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಉದಾಹರಣೆಗೆ, 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಳ್ಳಬಹುದು. ಅದರ ಮೇಲೆ ಬರಿಯ ಆರ್.ಸಿ.ಸಿ. ತಾರಸಿ, ಉದ್ದನೆಯ ಗೋಡೆ ಪಶ್ಚಿಮಕ್ಕೆ. ಒಳಗಿನ ಯಂತ್ರಗಳು ಒಟ್ಟು 800 ವ್ಯಾಟ್ ಬಳಸುತ್ತವೆ, ಯು.ಪಿ.ಎಸ್. ತನ್ನೊಳಗೇ ಕಳೆದುಕೊಳ್ಳುವುದು ಸುಮಾರು 100 ವ್ಯಾಟ್. ದೀಪ ಮತ್ತು ಆಗಾಗ ಬರುವ ಒಬ್ಬ ಸಿಬ್ಬಂದಿಯ ಲೆಕ್ಕಕ್ಕೆ 150 ವ್ಯಾಟ್ ಇಟ್ಟುಕೊಳ್ಳಬಹುದು. ಕಡು ಬೇಸಿಗೆಯ ಮಧ್ಯಾಹ್ನ ತಾರಸಿಯಿಂದ ಇಳಿಯುವ ಶಾಖ ಸ್ಥೂಲವಾಗಿ 1,100 ವ್ಯಾಟ್, ಪಶ್ಚಿಮದ ಇಟ್ಟಿಗೆ ಗೋಡೆಯಿಂದ ಬರುವುದು 300 ವ್ಯಾಟ್. ಎಲ್ಲ ಸೇರಿ 2,450 ವ್ಯಾಟ್.

ಈ ಲೆಕ್ಕದಲ್ಲಿ ಸದಸ್ಯರು ಮೊದಲು ಗಮನಿಸಬೇಕಾದದ್ದು ತಾರಸಿಯನ್ನು. ಯಂತ್ರಗಳೆಲ್ಲ ಸೇರಿ ಕೊಡುವ ಬಿಸಿಗಿಂತ ತಾರಸಿಯೊಂದೇ ಕೊಡುವ ಬಿಸಿ ಹೆಚ್ಚು. ತಾರಸಿಗೆ ಬಿಳಿ ಸುಣ್ಣವನ್ನೋ ಬಿಸಿಲನ್ನು ಪ್ರತಿಫಲಿಸುವ ಬಿಳಿ ಬಣ್ಣವನ್ನೋ ಬಳಿದರೆ, ಅಥವಾ ಮೇಲೆ ನೆರಳಿನ ತಗಡು ಹಾಕಿ ನಡುವೆ ಗಾಳಿಯಾಡಲು ಬಿಟ್ಟರೆ, ಈ 1,100 ವ್ಯಾಟ್ ಸುಲಭವಾಗಿ ಅರ್ಧಕ್ಕೆ ಇಳಿಯುತ್ತದೆ. ಸುಣ್ಣ ಬಳಿಯುವ ಕೆಲಸಕ್ಕೆ ಹಣ ಕಡಿಮೆ, ತಿಂಗಳ ಬಿಲ್ಲು ಇಲ್ಲವೇ ಇಲ್ಲ. ಅದನ್ನು ಮಾಡದೆ ದೊಡ್ಡ ಯಂತ್ರ ತರುವುದು ಛಾವಣಿ ಸೋರುವಾಗ ಕೆಳಗೆ ದೊಡ್ಡ ಪಾತ್ರೆ ಇಟ್ಟಂತೆ.

ಎ.ಸಿ. ಬೇಕೇ ಎಂಬ ಪ್ರಶ್ನೆ

ನೆಟ್‌ವರ್ಕ್ ಮತ್ತು ಗಣಕ ಉಪಕರಣಗಳ ಬಾಯಿಗೆ ತಲುಪುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರುವುದು ಒಳಿತೆಂದು ತಾಂತ್ರಿಕ ಮಾರ್ಗಸೂಚಿಗಳು ಹೇಳುತ್ತವೆ; ಹೆಚ್ಚಿನ ಯಂತ್ರಗಳು 35 ಡಿಗ್ರಿಯವರೆಗೂ ಕೆಲಸ ಮಾಡುತ್ತವೆ. ಬಿಸಿಯನ್ನು ಎಲ್ಲಕ್ಕಿಂತ ಕಡಿಮೆ ಸಹಿಸುವುದು ಬ್ಯಾಟರಿ. ಮುಚ್ಚಿದ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿಯನ್ನು ಆಧಾರವಾಗಿಟ್ಟು ಹೇಳಲಾಗುತ್ತದೆ. ಅದರ ಮೇಲೆ ಪ್ರತಿ 8ರಿಂದ 10 ಡಿಗ್ರಿ ಏರಿಕೆಗೆ ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆ ಎಂಬುದು ಎಲ್ಲರೂ ಒಪ್ಪಿದ ಸ್ಥೂಲ ನಿಯಮ. ನಾಲ್ಕು ವರ್ಷ ಬಾಳಬೇಕಾದ ಬ್ಯಾಟರಿ ಸಾಲು ಸದಾ 35 ಡಿಗ್ರಿಯ ಕೋಣೆಯಲ್ಲಿದ್ದರೆ ಎರಡೇ ವರ್ಷಕ್ಕೆ ಸಾಯುತ್ತದೆ. ಎರಡು ವರ್ಷಕ್ಕೊಮ್ಮೆ ಬ್ಯಾಟರಿ ಬದಲಾವಣೆಯ ವೋಚರ್ ಸಭೆಯ ಮುಂದೆ ಬರುತ್ತಿದ್ದರೆ, ಸರಬರಾಜುದಾರನನ್ನು ಶಂಕಿಸುವ ಮೊದಲು ಕೋಣೆಯ ಉಷ್ಣತೆಯನ್ನು ವಿಚಾರಿಸುವುದು ಉಚಿತ.

ಹಾಗೆಂದು ಎಲ್ಲ ಪಂಚಾಯತಿಗೂ ಎ.ಸಿ. ಬೇಕಿಲ್ಲ. ಕೊಡಗು, ಚಿಕ್ಕಮಗಳೂರಿನಂತಹ ಮಲೆನಾಡಿನ ತಂಪು ಪ್ರದೇಶಗಳಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್, ಅದರ ಎದುರು ಗೋಡೆಯಲ್ಲಿ ಕೆಳಮಟ್ಟದಲ್ಲಿ ಜಾಲರಿಯಿರುವ ಗಾಳಿಕಿಂಡಿ, ಇಷ್ಟೇ ಸಾಕಾಗಬಹುದು. 900 ವ್ಯಾಟ್ ಶಾಖವನ್ನು ಹೊರಗಾಳಿಗಿಂತ 5 ಡಿಗ್ರಿಗಿಂತ ಹೆಚ್ಚು ಏರದಂತೆ ಹೊರಹಾಕಲು ಗಂಟೆಗೆ ಸುಮಾರು 540 ಘನ ಮೀಟರ್ ಗಾಳಿ ಸಾಗಬೇಕು. 12 ಅಂಗುಲದ ಸಾಮಾನ್ಯ ಫ್ಯಾನ್ ಇದನ್ನು ನಿಭಾಯಿಸುತ್ತದೆ. ದಿನವಿಡೀ ಓಡಿದರೂ ಅದು ತಿನ್ನುವುದು ಸುಮಾರು ಒಂದು ಯೂನಿಟ್. ಆದರೆ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುವಾಗ ಈ ಉಪಾಯ ನಡೆಯದು. ಫ್ಯಾನು ಬೆಂಕಿಯನ್ನೇ ಒಳಗೆಳೆಯುತ್ತದೆ, ಜೊತೆಗೆ ಧೂಳನ್ನೂ. ಅಲ್ಲಿ ಹವಾನಿಯಂತ್ರಕ ಅಗತ್ಯ. ಕರಾವಳಿಯಲ್ಲಿ ಉಷ್ಣತೆ ಮಧ್ಯಮವಿದ್ದರೂ ತೇವ ಮತ್ತು ಉಪ್ಪುಗಾಳಿಯ ಕಾರಣ ಕೋಣೆಯನ್ನು ಮುಚ್ಚಿಡುವುದೇ ಲೇಸು. ಬಯಲುಸೀಮೆಯ ಉಳಿದೆಡೆ ಒಂದು ತಿಂಗಳ ಉಷ್ಣತೆಯನ್ನು ಬರೆದಿಟ್ಟು ನಂತರ ನಿರ್ಧರಿಸುವುದು ವಿವೇಕ.

ಎಷ್ಟು ಟನ್

ಟನ್ ಎಂಬುದು ಇಲ್ಲಿ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ದರವೇ ಒಂದು ಟನ್. ಅದು ಸುಮಾರು 3,500 ವ್ಯಾಟಿಗೆ ಸಮ. ಹಾಗಿದ್ದರೆ 2,450 ವ್ಯಾಟಿನ ಕೋಣೆಗೆ ಒಂದು ಟನ್ ಧಾರಾಳವಾಯಿತು ಎನ್ನಿಸುತ್ತದೆ. ಎರಡು ಕಾರಣಗಳಿಂದ ಹಾಗಾಗುವುದಿಲ್ಲ. ಮನೆಬಳಕೆಯ ಎ.ಸಿ. ಮನುಷ್ಯರಿಗಾಗಿ ರೂಪಿತವಾದದ್ದು; ಅದರ ಶಕ್ತಿಯ ಸುಮಾರು ಕಾಲುಭಾಗ ಗಾಳಿಯ ತೇವ ತೆಗೆಯಲು ವ್ಯಯವಾಗಬಹುದು. ಯಂತ್ರಗಳು ಬೆವರುವುದಿಲ್ಲ, ಅವು ಕೊಡುವುದು ಒಣ ಬಿಸಿ. ಆದ್ದರಿಂದ ಎಣಿಕೆಗೆ ಹಿಡಿಯಬೇಕಾದದ್ದು ಮುಕ್ಕಾಲು ಭಾಗ, ಅಂದರೆ ಸುಮಾರು 2,600 ವ್ಯಾಟ್. ಮೇಲಾಗಿ ಪೆಟ್ಟಿಗೆಯ ಮೇಲೆ ಬರೆದ ಸಾಮರ್ಥ್ಯ ಹೊರಗಾಳಿ 35 ಡಿಗ್ರಿ ಇರುವಾಗಿನದು. 43 ಡಿಗ್ರಿಯಲ್ಲಿ ಅದು ಮತ್ತೂ ಕುಗ್ಗುತ್ತದೆ. ಹೀಗಾಗಿ ಉತ್ತರ ಕರ್ನಾಟಕದ ಬಿಸಿಲಿನಲ್ಲಿ, ಬರಿಯ ತಾರಸಿಯ ಈ ಕೋಣೆಗೆ ಒಂದು ಟನ್ ಸಾಲದು, ಒಂದೂವರೆ ಟನ್ ಬೇಕು. ತಾರಸಿಗೆ ಬಿಳಿ ಬಳಿದ ಮೇಲೆ ಭಾರ 1,900 ವ್ಯಾಟಿಗೆ ಇಳಿಯುವುದರಿಂದ ಒಂದು ಟನ್ ಸಾಕು. ಬೇಕಾದದ್ದಕ್ಕಿಂತ ಬಹಳ ದೊಡ್ಡದನ್ನು ತರುವುದೂ ತಪ್ಪು. ಅದು ಕ್ಷಣದಲ್ಲಿ ತಂಪು ಮಾಡಿ ನಿಂತು, ಮತ್ತೆ ಹೊರಟು, ಕಂಪ್ರೆಸರನ್ನು ಬೇಗ ಸವೆಸುತ್ತದೆ.

ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಪಟ್ಟಿಯನ್ನು ಓದುವಾಗ ಒಂದು ಎಚ್ಚರ ಅಗತ್ಯ. ಅದರಲ್ಲಿ ಮುದ್ರಿಸಿರುವ ವಾರ್ಷಿಕ ಯೂನಿಟ್ ಲೆಕ್ಕ ವರ್ಷಕ್ಕೆ 1,600 ಗಂಟೆಗಳ ಬಳಕೆಗೆ ಮಾತ್ರ. ಉಪಕರಣ ಕೊಠಡಿಯ ವರ್ಷದಲ್ಲಿ 8,760 ಗಂಟೆಗಳಿವೆ, ಎಂದರೆ ಐದು ಪಟ್ಟಿಗೂ ಮಿಗಿಲು. ಮನೆಗೆ 3 ನಕ್ಷತ್ರ ಸಾಕೆನ್ನುವ ಲೆಕ್ಕಾಚಾರ ಇಲ್ಲಿಗೆ ಹೊಂದುವುದಿಲ್ಲ; ಹೆಚ್ಚು ನಕ್ಷತ್ರದ ಇನ್ವರ್ಟರ್ ಮಾದರಿಗೆ ಕೊಟ್ಟ ಹೆಚ್ಚುವರಿ ಬೆಲೆ ಇಲ್ಲಿ ಬೇಗನೆ ಮರಳುತ್ತದೆ. ಹಗಲು ರಾತ್ರಿಯ ಸರಾಸರಿ ಭಾರ 1,750 ವ್ಯಾಟ್ ಎಂದೂ, ಒಂದು ಪಾಲು ವಿದ್ಯುತ್ತಿಗೆ ಮೂರೂವರೆ ಪಾಲು ಶಾಖ ಹೊರಹೋಗುತ್ತದೆಂದೂ ಹಿಡಿದರೆ, ಸರಾಸರಿ 500 ವ್ಯಾಟ್ ಬಳಕೆ. ದಿನಕ್ಕೆ 12 ಯೂನಿಟ್, ತಿಂಗಳಿಗೆ 360 ಯೂನಿಟ್. ಈ ಅಂಕಿಯನ್ನು ಕಚೇರಿಯ ಈಗಿನ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಠರಾವು ಆಗಬೇಕು. ಯಂತ್ರದ ಬೆಲೆ ಒಮ್ಮೆ ಕೊಡುವುದು. ಇದು ಪ್ರತಿ ತಿಂಗಳೂ ಕೊಡುವುದು.

ಬ್ಯಾಟರಿಯ ಕುರಿತು ಒಂದು ಎಚ್ಚರಿಕೆ

ಅನೇಕ ಕಚೇರಿಗಳಲ್ಲಿ ಮುಚ್ಚಿದ ಬ್ಯಾಟರಿಯ ಬದಲು ನೀರು ಹಾಕುವ ಟ್ಯೂಬುಲರ್ ಬ್ಯಾಟರಿಗಳಿವೆ. ಅವು ಚಾರ್ಜ್ ಆಗುವಾಗ ಜಲಜನಕವನ್ನು ಬಿಡುತ್ತವೆ. ಗಾಳಿಯಲ್ಲಿ ಜಲಜನಕ ಶೇ. 4ನ್ನು ತಲುಪಿದರೆ ಒಂದು ಕಿಡಿಗೆ ಸ್ಫೋಟಿಸಬಲ್ಲದು. ಗಾಳಿಯಾಡುತ್ತಿದ್ದ ಕೋಣೆಯನ್ನು ಎ.ಸಿ.ಗಾಗಿ ಮುಚ್ಚಿ, ಕಿಟಕಿ ಸಂದುಗಳನ್ನು ತುಂಬಿ, ಈ ಬ್ಯಾಟರಿಗಳನ್ನು ಒಳಗೇ ಬಿಡುವುದು ಅಪಾಯಕ್ಕೆ ಆಹ್ವಾನ. ಆಮ್ಲದ ಆವಿ ಒಳಘಟಕದ ತಾಮ್ರ ಸುರುಳಿಯನ್ನೂ ತಿನ್ನುತ್ತದೆ. ಟ್ಯೂಬುಲರ್ ಬ್ಯಾಟರಿಗಳು ನೆರಳಿನಲ್ಲಿರುವ, ಗಾಳಿಯಾಡುವ, ಬೀಗವಿರುವ ಬೇರೆ ಜಾಗಕ್ಕೆ ಹೋಗಬೇಕು. ಅದು ಸಾಧ್ಯವಿಲ್ಲದಿದ್ದರೆ ಎ.ಸಿ. ಪ್ರಸ್ತಾವವನ್ನೇ ತಡೆಹಿಡಿಯುವುದು ಸರಿ.

ಅಳವಡಿಕೆ

ಒಳಘಟಕವನ್ನು ರ್‍ಯಾಕಿನ ಅಥವಾ ಯು.ಪಿ.ಎಸ್.ನ ನೇರ ಮೇಲೆ ಕೂರಿಸಕೂಡದು. ತಂಪಾದ ಸುರುಳಿಯ ಮೇಲೆ ನೀರು ಕಟ್ಟುತ್ತದೆ. ಕೊಳವೆ ಮುಚ್ಚಿಕೊಂಡ ದಿನ ಆ ನೀರು ಕೆಳಗಿನ ಯಂತ್ರದ ಮೇಲೆ ಬೀಳುತ್ತದೆ. ಇಷ್ಟು ಸರಳವಾದ ವಿಷಯ ಬಹಳ ಕಡೆ ತಪ್ಪಿಹೋಗುವುದು, ಗೋಡೆಯಲ್ಲಿ ಖಾಲಿ ಜಾಗ ಎಲ್ಲಿದೆ ಎಂದು ನೋಡಿ ಘಟಕ ಕೂರಿಸುವ ಆತುರದಿಂದ. ರ್‍ಯಾಕಿನ ಮುಂಭಾಗಕ್ಕೆ ತಂಪು ಗಾಳಿ ಇಳಿಯುವಂತೆ, ನೆಲದಿಂದ ಏಳೆಂಟು ಅಡಿ ಎತ್ತರದಲ್ಲಿ, ಮೇಲೆ ಛಾವಣಿಗೆ ಗೇಣುದ್ದ ಅಂತರವಿಟ್ಟು ಅದನ್ನು ಅಳವಡಿಸಬೇಕು. ಯಂತ್ರಗಳು ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ಬಿಸಿ ಉಗುಳುತ್ತವೆ; ರ್‍ಯಾಕನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ಯಾವ ಎ.ಸಿ.ಯೂ ಅದನ್ನು ತಣಿಸಲಾರದು.

ಹೊರಘಟಕಕ್ಕೆ ಉತ್ತರ ಅಥವಾ ಪೂರ್ವದ ನೆರಳು ಉತ್ತಮ. ಅದು ಬಿಸಿಗಾಳಿಯನ್ನು ಹೊರಚೆಲ್ಲುವ ಮುಖದ ಎದುರು ಗೋಡೆ, ಕಾಗದದ ರಾಶಿ, ನಿಂತ ಟ್ರ್ಯಾಕ್ಟರ್ ಯಾವುದೂ ಇರಬಾರದು. ಘಟಕದ ತೂಕ 30 ಕಿಲೋ ದಾಟುವುದು ಸಾಮಾನ್ಯ. ಹಳೆಯ ಮಣ್ಣಿನ ಗೋಡೆ ಅಥವಾ ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಗೆ ಬ್ರಾಕೆಟ್ ಹೊಡೆಯುವುದಕ್ಕಿಂತ ನೆಲದ ಮೇಲೆ ಕಾಂಕ್ರೀಟ್ ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸುವುದು ಕ್ಷೇಮ. ತಾಮ್ರದ ಆಸೆಗೆ ಕೊಳವೆ ಕತ್ತರಿಸುವವರಿರುವ ಊರಿನಲ್ಲಿ ಗಾಳಿ ತಡೆಯದ ಕಬ್ಬಿಣದ ಪಂಜರವನ್ನೂ ಅಂದಾಜು ಪಟ್ಟಿಗೆ ಸೇರಿಸಬೇಕು. ಕರಾವಳಿಯಲ್ಲಿ ಉಪ್ಪುಗಾಳಿ ತಡೆಯುವ ಲೇಪನವುಳ್ಳ ಸುರುಳಿಯ ಮಾದರಿಯನ್ನೇ ಕೇಳಬೇಕು.

ಗೋಡೆಯಲ್ಲಿ ಕೊರೆಯುವ ರಂಧ್ರ ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಮಳೆನೀರು ಒಳಗೆ ಬರುತ್ತದೆ. ನೀರಿನ ಕೊಳವೆ ಎಲ್ಲಿಯೂ ಮೇಲೇಳದೆ ನಿರಂತರ ಇಳಿಜಾರಿನಲ್ಲಿ ಸಾಗಬೇಕು. ಅದರ ತುದಿ ನೀರಿನಲ್ಲಿ ಮುಳುಗಿರಬಾರದು. ಕೆಲಸ ಮುಗಿದಾಗ ಒಳಘಟಕದ ತಟ್ಟೆಗೆ ಒಂದು ಲೀಟರ್ ನೀರು ಹೊಯ್ದು ಅದಷ್ಟೂ ಹೊರಗೆ ಬರುವುದನ್ನು ಕಣ್ಣಾರೆ ನೋಡುವುದು ಯಾವ ಸದಸ್ಯರಿಗೂ ಸಾಧ್ಯವಿರುವ ಪರೀಕ್ಷೆ.

ಇನ್ನೊಂದು ಪರೀಕ್ಷೆ ಹೆಚ್ಚು ಮುಖ್ಯವಾದದ್ದು. ತಾಮ್ರದ ಕೊಳವೆಗಳನ್ನು ಜೋಡಿಸಿದ ನಂತರ ಅವುಗಳೊಳಗಿನ ಗಾಳಿ ಮತ್ತು ತೇವವನ್ನು ವ್ಯಾಕ್ಯೂಮ್ ಪಂಪಿನಿಂದ ಪೂರ್ತಿ ಹೊರತೆಗೆಯಬೇಕು. ಸಾಮಾನ್ಯವಾಗಿ 500 ಮೈಕ್ರಾನಿಗಿಂತ ಕೆಳಗೆ ಇಳಿಸಿ, ಪಂಪು ನಿಲ್ಲಿಸಿ, ಮಾಪಕ ಏರದೆ ನಿಂತಿದೆಯೇ ಎಂದು ಕಾಯಬೇಕು. ಮಾಪಕ ಏರಿದರೆ ಎಲ್ಲೋ ಸೋರಿಕೆಯಿದೆ ಅಥವಾ ತೇವ ಉಳಿದಿದೆ. ಅವಸರದ ಕೆಲಸಗಾರರು ಪಂಪು ತರದೆ ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ಊದಿ ಹೊರಹಾಕುತ್ತಾರೆ. ಯಂತ್ರ ಅಂದು ತಂಪು ಕೊಡುತ್ತದೆ; ಒಳಗುಳಿದ ತೇವ ಕಂಪ್ರೆಸರನ್ನು ನಿಧಾನವಾಗಿ ಕೊಲ್ಲುತ್ತದೆ. ಈಗಿನ ಮಾದರಿಗಳಲ್ಲಿರುವ ಆರ್-32 ಸ್ವಲ್ಪ ಮಟ್ಟಿಗೆ ಉರಿಯುವ ಅನಿಲ. ಆರ್-290 ಎಂಬುದು ಪ್ರೋಪೇನ್, ಅಡುಗೆ ಅನಿಲದಷ್ಟೇ ಬೇಗ ಹೊತ್ತಿಕೊಳ್ಳುವಂಥದು. ಅವುಗಳನ್ನು ಹಾಗೆ ಹೊರಬಿಡುವುದು ಬೆಂಕಿಗೂ ದಾರಿ. ಕೊನೆಯ ಕಂತು ಪಾವತಿಗೆ ವ್ಯಾಕ್ಯೂಮ್ ಪರೀಕ್ಷೆಯ ಛಾಯಾಚಿತ್ರ ಕಡ್ಡಾಯವೆಂದು ಕಾರ್ಯಾದೇಶದಲ್ಲೇ ಬರೆದರೆ ಪಂಪು ತಾನಾಗಿ ಬರುತ್ತದೆ.

ವಿದ್ಯುತ್ ಸಂಪರ್ಕ, ಸಂಜೆಯ ಮೇನ್ ಸ್ವಿಚ್

ಎ.ಸಿ.ಗೆ ಪ್ರತ್ಯೇಕ ವೈರು, ಪ್ರತ್ಯೇಕ ಎಂ.ಸಿ.ಬಿ., ಸೋರುವ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಮತ್ತು ಅಳೆದು ದಾಖಲಿಸಿದ ಅರ್ತಿಂಗ್ ಬೇಕು. ಒಂದೂವರೆ ಟನ್ ಘಟಕಕ್ಕೆ 4 ಚದರ ಮಿ.ಮೀ. ತಾಮ್ರದ ವೈರು ರೂಢಿಯಲ್ಲಿದೆ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ನಡೆಸುವುದು ಸರ್ವಥಾ ಸಲ್ಲದು. ವೋಲ್ಟೇಜ್ ಏರಿಳಿತವಿರುವ ಹಳ್ಳಿಗಳಲ್ಲಿ ಸ್ಟೆಬಿಲೈಸರ್ ಅಗತ್ಯವೇ ಎಂಬುದನ್ನು ಮಾದರಿಯ ಕೈಪಿಡಿಯಲ್ಲಿ ಹೇಳಿರುವ ವೋಲ್ಟೇಜ್ ಮಿತಿಯೊಂದಿಗೆ ಹೋಲಿಸಿ ತೀರ್ಮಾನಿಸಬೇಕು. ಕಚೇರಿಗೆ ಮಂಜೂರಾದ ಲೋಡ್ ಮೀರುವಂತಿದ್ದರೆ ಬೆಸ್ಕಾಂ, ಜೆಸ್ಕಾಂ ಮುಂತಾದ ಸಂಬಂಧಿತ ಕಂಪನಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಒಂದು ಅಭ್ಯಾಸವಿದೆ. ಅದು ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದ್ದು. ಸಂಜೆ ಕಚೇರಿ ಮುಚ್ಚುವಾಗ ಜವಾನರು ವಿದ್ಯುತ್ ಉಳಿಸಲೆಂದು ಮೇನ್ ಸ್ವಿಚ್ಚನ್ನೇ ಆರಿಸಿ ಬೀಗ ಹಾಕುತ್ತಾರೆ. ಆಗ ಎ.ಸಿ. ನಿಲ್ಲುತ್ತದೆ. ಯು.ಪಿ.ಎಸ್. ಮಾತ್ರ ವಿದ್ಯುತ್ ಹೋಯಿತೆಂದು ತಿಳಿದು ಬ್ಯಾಟರಿಯಿಂದ ಯಂತ್ರಗಳನ್ನು ನಡೆಸುತ್ತಲೇ ಇರುತ್ತದೆ. ಯಂತ್ರಗಳು ಬಿಸಿ ಉಗುಳುತ್ತವೆ, ಕಿಟಕಿಯಿಲ್ಲದ ಕೋಣೆ ಕಾಯುತ್ತದೆ, ಬ್ಯಾಟರಿ ಆ ಬಿಸಿಯಲ್ಲೇ ತಳಮಟ್ಟಕ್ಕೆ ಬರಿದಾಗುತ್ತದೆ. ಬೆಳಗ್ಗೆ ಸ್ವಿಚ್ ಹಾಕಿದ ಕೂಡಲೇ ಬರಿದಾದ ಬ್ಯಾಟರಿ ಚಾರ್ಜಿಗೆ ಎಳೆಯುತ್ತದೆ, ಕಾದ ಕೋಣೆಯಲ್ಲಿ ಎ.ಸಿ. ಪೂರ್ಣ ಶಕ್ತಿಯಿಂದ ಹೊರಡುತ್ತದೆ. ಇದು ವರ್ಷಕ್ಕೆ ಸುಮಾರು 300 ಸಲ ನಡೆದರೆ ಎ.ಸಿ. ಹಾಕಿಸಿದ ಉದ್ದೇಶವೇ ವ್ಯರ್ಥ. ಆದ್ದರಿಂದ ಉಪಕರಣ ಕೊಠಡಿಯ ಎ.ಸಿ. ಮತ್ತು ಯು.ಪಿ.ಎಸ್. ಎರಡೂ ಕಚೇರಿಯ ಸಂಜೆ ಸ್ವಿಚ್ಚಿಗಿಂತ ಮೊದಲೇ ಕವಲೊಡೆದ ಬೇರೆ ಸಾಲಿನಲ್ಲಿರಬೇಕು, ಆ ಸ್ವಿಚ್ಚಿನ ಮೇಲೆ "ಆರಿಸಬಾರದು" ಎಂದು ದೊಡ್ಡಕ್ಷರದಲ್ಲಿ ಬರೆಸಬೇಕು, ಜವಾನರಿಗೆ ಕಾರಣವನ್ನೂ ತಿಳಿಸಬೇಕು. ಕಾರಣ ತಿಳಿಯದವರು ಬರಹವನ್ನು ಮೀರುತ್ತಾರೆ.

ನಿಜವಾಗಿಯೂ ವಿದ್ಯುತ್ ಹೋದಾಗ ಏನು ಎಂಬುದಕ್ಕೆ ಬೇರೆ ವ್ಯವಸ್ಥೆ ಬೇಕು. ಎ.ಸಿ.ಯನ್ನು ಯು.ಪಿ.ಎಸ್.ನಿಂದ ನಡೆಸುವಂತಿಲ್ಲ, ಬ್ಯಾಟರಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಮೇಲಿನ ಉದಾಹರಣೆಯ ಕೋಣೆಯಲ್ಲಿರುವ ಗಾಳಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ 900 ವ್ಯಾಟ್ ಅದನ್ನು ಮುಕ್ಕಾಲು ನಿಮಿಷಕ್ಕೊಂದು ಡಿಗ್ರಿ ಏರಿಸಬಲ್ಲದು. ಗೋಡೆ, ನೆಲ ಸಾಕಷ್ಟು ಬಿಸಿಯನ್ನು ಹೀರುವುದರಿಂದ ಏರಿಕೆ ಅಷ್ಟು ವೇಗವಾಗಿರುವುದಿಲ್ಲ, ಆದರೆ ಒಂದೆರಡು ಗಂಟೆಯ ವಿದ್ಯುತ್ ಕಡಿತ ಚಿಂತೆಗೆ ಕಾರಣವೇ. ಜನರೇಟರ್ ಇಲ್ಲದಲ್ಲಿ, ಯು.ಪಿ.ಎಸ್.ಗೆ ಜೋಡಿಸಿದ ಚಿಕ್ಕ ಎಕ್ಸಾಸ್ಟ್ ಫ್ಯಾನು 32 ಡಿಗ್ರಿ ದಾಟಿದಾಗ ತಾನಾಗಿ ತಿರುಗುವಂತೆ ಥರ್ಮೋಸ್ಟ್ಯಾಟ್ ಹಾಕಿಸುವುದು ಅಗ್ಗದ ಪರಿಹಾರ. ಫ್ಯಾನಿಗೆ ತಾನಾಗಿ ಮುಚ್ಚಿಕೊಳ್ಳುವ ಕವಾಟವಿರಬೇಕು. ಇಲ್ಲವಾದರೆ ಉಳಿದ ಸಮಯದಲ್ಲೆಲ್ಲ ತಂಪು ಅಲ್ಲಿಂದಲೇ ಸೋರುತ್ತದೆ.

ನಿಯಂತ್ರಣ

ರಿಮೋಟಿನಲ್ಲಿ 24 ಅಥವಾ 25 ಡಿಗ್ರಿ ಇಟ್ಟು ಕೈಬಿಡುವುದೇ ಸರಿಯಾದ ನಿಯಂತ್ರಣ. ಕೇಂದ್ರ ಸರ್ಕಾರದ ನಿಯಮದಂತೆ 2020ರ ಜನವರಿ 1ರಿಂದ ನಕ್ಷತ್ರ ಪಟ್ಟಿಯ ಕೋಣೆ ಎ.ಸಿ.ಗಳು ಕಾರ್ಖಾನೆಯಿಂದ ಬರುವಾಗಲೇ 24 ಡಿಗ್ರಿಗೆ ಹೊಂದಿಸಲ್ಪಟ್ಟಿರುತ್ತವೆ. 16 ಡಿಗ್ರಿಗೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಗುರಿಯನ್ನು ದೂರ ಇಡುತ್ತದೆ, ಅಷ್ಟೇ. ಯಂತ್ರ ತನ್ನ ಶಕ್ತಿ ಮೀರಿ ಓಡಲಾರದು, ಗುರಿ ಮುಟ್ಟದೆ ಬಿಡುವಿಲ್ಲದೆ ಓಡುತ್ತದೆ.

ಅತಿ ತಂಪಿನಿಂದ ಇನ್ನೊಂದು ಕೇಡೂ ಇದೆ. ಮಳೆಗಾಲದ ಉಡುಪಿ ಅಥವಾ ಕಾರವಾರದಲ್ಲಿ ಹೊರಗಾಳಿ 30 ಡಿಗ್ರಿ, ತೇವ ಶೇ. 80 ಇರುವ ದಿನ, 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಆ ಗಾಳಿ ತಾಗಿದರೆ ನೀರ ಹನಿ ಕಟ್ಟುತ್ತದೆ. ತಣ್ಣೀರಿನ ಚೊಂಬಿನ ಹೊರಮೈ ಬೆವರುವಂತೆ. 18 ಡಿಗ್ರಿಗೆ ತಣಿದ ಕೋಣೆಯ ಬಾಗಿಲನ್ನು ಅಂದು ತೆರೆದಿಟ್ಟರೆ ಯಂತ್ರದ ಲೋಹದ ಮೈಯೆಲ್ಲ ಒದ್ದೆಯಾಗುತ್ತದೆ. ಕರಾವಳಿಯಲ್ಲಿ 25ರಿಂದ 26 ಡಿಗ್ರಿ ಇಟ್ಟು ಬಾಗಿಲನ್ನು ಮುಚ್ಚಿಡುವುದೇ ಸೂಕ್ತ.

ಮನುಷ್ಯರ ಸುಖಕ್ಕೆಂದು ರಿಮೋಟಿನಲ್ಲಿರುವ ಕೆಲವು ಗುಂಡಿಗಳು ಇಲ್ಲಿ ಶತ್ರುಗಳು. ನಿದ್ರೆ ವಿಧಾನ, ಸಮಯಕ್ಕೆ ತಾನೇ ಆರುವ ಟೈಮರ್, ರಿಮೋಟ್ ಇರುವಲ್ಲಿನ ಉಷ್ಣತೆಯನ್ನು ಅನುಸರಿಸುವ ವಿಧಾನ ಇವೆಲ್ಲ ಆರಿರಬೇಕು. ವಿದ್ಯುತ್ ಮರಳಿದಾಗ ತಾನಾಗಿ ಹೊರಡುವ ಸೌಲಭ್ಯ ಮಾತ್ರ ಇರಲೇಬೇಕು. ಅದಿಲ್ಲದ ಮಾದರಿಯನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ತೆಗೆದುಕೊಳ್ಳಬಾರದು. ಶನಿವಾರ ರಾತ್ರಿ ಐದು ನಿಮಿಷ ವಿದ್ಯುತ್ ಹೋಗಿ ಬಂದರೆ ಸೋಮವಾರ ಬೆಳಗಿನವರೆಗೆ ಎ.ಸಿ. ಸುಮ್ಮನಿರುತ್ತದೆ. ಸರಬರಾಜಿನ ದಿನವೇ ಎಂ.ಸಿ.ಬಿ. ಆರಿಸಿ, ಹತ್ತು ನಿಮಿಷ ಬಿಟ್ಟು ಹಾಕಿ, ಯಾರೂ ರಿಮೋಟ್ ಮುಟ್ಟದೆ ಅದು ಹೊರಡುವುದನ್ನು ನೋಡಬೇಕು. ಕಂಪ್ರೆಸರಿನ ರಕ್ಷಣೆಗೆ ಸುಮಾರು ಮೂರು ನಿಮಿಷದ ವಿಳಂಬವಿರುತ್ತದೆ. ಅದನ್ನು ದೋಷವೆಂದು ಭಾವಿಸಬೇಕಿಲ್ಲ.

ತಾಲ್ಲೂಕು ಅಥವಾ ಜಿಲ್ಲಾ ಮಟ್ಟದ ದೊಡ್ಡ ಕೊಠಡಿಗಳಲ್ಲಿ ಎರಡು ಘಟಕಗಳನ್ನು ಸರದಿಯಲ್ಲಿ ನಡೆಸುವ ನಿಯಂತ್ರಕವಿರುತ್ತದೆ. 8 ಅಥವಾ 12 ಗಂಟೆಗೊಮ್ಮೆ ಸರದಿ ಬದಲಾಗುತ್ತದೆ. ಓಡುತ್ತಿರುವ ಘಟಕ ಸೋತು ಕೋಣೆ 27 ಡಿಗ್ರಿ ದಾಟಿದರೆ ಎರಡನೆಯದು ಜೊತೆಗೂಡುತ್ತದೆ, 32 ದಾಟಿದರೆ ಎಚ್ಚರಿಕೆಯ ಗಂಟೆ ಅಥವಾ ಮೊಬೈಲಿಗೆ ಸಂದೇಶ. ಅದರ ಉಷ್ಣತಾ ಸಂವೇದಕ ರ್‍ಯಾಕಿನ ಮುಂಭಾಗದ ನಡು ಎತ್ತರದಲ್ಲಿರಬೇಕು, ಎ.ಸಿ.ಯ ಗಾಳಿ ನೇರ ಬೀಳುವಲ್ಲಿ ಅಲ್ಲ. ಗ್ರಾಮ ಪಂಚಾಯತಿಯ ಒಂದು ರ್‍ಯಾಕಿಗೆ ಇಷ್ಟು ಆಡಂಬರ ಬೇಡ. ದಿನದ ಗರಿಷ್ಠ, ಕನಿಷ್ಠ ಉಷ್ಣತೆಯನ್ನು ನೆನಪಿಡುವ ಒಂದು ಗೋಡೆ ಉಷ್ಣಮಾಪಕ, ಅದರ ಕೆಳಗೆ ದಾರ ಕಟ್ಟಿದ ಪೆನ್ನಿನೊಂದಿಗೆ ಒಂದು ವಹಿ ಸಾಕು. ಡಾಟಾ ಎಂಟ್ರಿ ಆಪರೇಟರ್ ಪ್ರತಿ ಬೆಳಗ್ಗೆ ಎರಡು ಅಂಕಿ ಬರೆದು ಮಾಪಕವನ್ನು ಮರುಹೊಂದಿಸಿದರೆ, ಭಾನುವಾರ ಕೋಣೆ ಎಷ್ಟು ಕಾದಿತ್ತು ಎಂಬುದು ಸೋಮವಾರ ತಿಳಿಯುತ್ತದೆ. ಎ.ಸಿ. ಬೇಕೇ ಬೇಡವೇ ಎಂಬ ಮೊದಲ ಪ್ರಶ್ನೆಗೂ ಇದೇ ವಹಿ ಉತ್ತರ ಕೊಡುತ್ತದೆ.

ನಿರ್ವಹಣೆ ಮತ್ತು ವೋಚರ್

ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವುದು ಕಚೇರಿಯ ಸಿಬ್ಬಂದಿಯೇ ಮಾಡಬಹುದಾದ ಕೆಲಸ. ಒಕ್ಕಣೆಯ ಕಾಲದಲ್ಲಿ ವಾರಕ್ಕೊಮ್ಮೆ ಬೇಕಾಗುತ್ತದೆ. ಬೇಸಿಗೆಗೆ ಮುನ್ನ ಮತ್ತು ಮಳೆ ಮುಗಿದ ಮೇಲೆ ಸುರುಳಿಗಳ ಪೂರ್ಣ ಶುದ್ಧಿ ತಜ್ಞರಿಂದ ಆಗಬೇಕು. ಹೊರಘಟಕದೊಳಗೆ ಹಲ್ಲಿ ನುಗ್ಗಿ ವಿದ್ಯುತ್ ಫಲಕ ಸುಡುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ವೈರು ಹೋಗುವ ಸಂದುಗಳನ್ನು ಮುಚ್ಚಿಸಿರಬೇಕು.

ಸದಸ್ಯರು ವಿಶೇಷವಾಗಿ ಪರಿಶೀಲಿಸಬೇಕಾದ ವೋಚರ್ "ಗ್ಯಾಸ್ ತುಂಬಿದ ಬಾಬ್ತು" ಎಂಬುದು. ಎ.ಸಿ.ಯ ಅನಿಲ ವಾಹನದ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಅನಿಲ ಯಂತ್ರದ ಆಯುಷ್ಯದುದ್ದಕ್ಕೂ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಸೋರಿದೆ ಎಂದೇ ಅರ್ಥ. ಸೋರಿಕೆ ಎಲ್ಲಿತ್ತು, ಹೇಗೆ ಸರಿಪಡಿಸಲಾಯಿತು, ಎಷ್ಟು ಗ್ರಾಂ ಯಾವ ಅನಿಲ ತುಂಬಲಾಯಿತು ಎಂಬ ವಿವರವಿಲ್ಲದ ಬಿಲ್ಲನ್ನು ಹಿಂದಿರುಗಿಸಬೇಕು. ಪ್ರತಿ ಮಾರ್ಚಿನಲ್ಲಿ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ, ಅಥವಾ ತುಂಬದೆಯೇ ಬಿಲ್ಲು ಬರೆದಂತೆ.

ಹೊಸ ಖರೀದಿಯಲ್ಲಿ ಆರ್-22 ಅನಿಲದ ಯಂತ್ರವನ್ನು ಯಾರಾದರೂ ಅಗ್ಗಕ್ಕೆ ತೋರಿಸಿದರೆ ಒಪ್ಪಬಾರದು. ಓಜೋನ್ ಪದರಕ್ಕೆ ಹಾನಿ ಮಾಡುವ ಆ ಅನಿಲ 2030ರ ವೇಳೆಗೆ ದೇಶದಲ್ಲಿ ಹಿಂದೆ ಸರಿಯಲಿದೆ. ಅಂದಾಜು ಪಟ್ಟಿಯಲ್ಲಿ ಯಂತ್ರದ ಬೆಲೆಯ ಜೊತೆಗೆ ಹೆಚ್ಚುವರಿ ತಾಮ್ರ ಕೊಳವೆಯ ಅಡಿಗೆ ದರ, ವೈರು, ಎಂ.ಸಿ.ಬಿ., ಅರ್ತಿಂಗ್, ಕಟ್ಟೆ ಅಥವಾ ಬ್ರಾಕೆಟ್, ತಾರಸಿಯ ಬಿಳಿ ಲೇಪನ, ಐದು ವರ್ಷದ ವಾರ್ಷಿಕ ನಿರ್ವಹಣಾ ಒಪ್ಪಂದ ಇವು ಬೇರೆ ಬೇರೆ ಸಾಲುಗಳಾಗಿ ಇರಬೇಕು. ಸಂಗ್ರಹಣೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರಬೇಕು. ಒಳಘಟಕ, ಹೊರಘಟಕ ಎರಡರ ಕ್ರಮಸಂಖ್ಯೆಗಳನ್ನೂ ದಾಸ್ತಾನು ವಹಿಯಲ್ಲಿ ನಮೂದಿಸಿದರೆ ಮುಂದೆ ಖಾತರಿ ಅವಧಿಯ ದುರಸ್ತಿಗೂ ಲೆಕ್ಕಪರಿಶೋಧನೆಗೂ ಅನುಕೂಲ. ಕೆಟ್ಟ ಹಳೆಯ ಘಟಕವನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಡುವಂತಿಲ್ಲ. ಅದು ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ವ್ಯಾಪ್ತಿಗೆ ಬರುವುದರಿಂದ ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಅದರಲ್ಲಿ ಉಳಿದ ಅನಿಲವನ್ನು ಬಯಲಿಗೆ ಬಿಡದೆ ಸಿಲಿಂಡರಿಗೆ ತೆಗೆದ ದಾಖಲೆಯನ್ನು ವಿಲೇವಾರಿ ಕಡತದಲ್ಲಿ ಇರಿಸಬೇಕು.